ದೇವರು ಇದ್ದಾನೆಂಬ ವಾದವೂ ಇಲ್ಲವೆಂಬ ವಾದವೂ



ನಮ್ಮ ಹಳ್ಳಿಯ ಸಭೆಗಳೊಂದರ ಹಿರಿಯರೊಬ್ಬರು ನಮ್ಮ ಬಳಿಗೆ ಬಂದು ಬಹು ವ್ಯಸನದಿಂದ ಹೇಳಿದ್ದೇನಂದರೆ: “ಅಯ್ಯನವರೇ, ಪಟ್ಟಣದಲ್ಲಿ ಓದಿ ಬಂದ ನನ್ನ ಮಗನು ಸಾಯಂಕಾಲದ ಪ್ರಾರ್ಥನೆಗೆ ಕೂಡ್ರುವದಿಲ್ಲ. ದೇವರು ಇದ್ದಾನೆಂಬದಕ್ಕೆ ಆಧಾರವೇನೆಂದು ಕೇಳುತ್ತಾನೆ. ನನಗೆ ಉತ್ತರ ತೋಚಲಿಲ್ಲ. ಸಿಟ್ಟು ಬಂದು, ಈ ಮನೆಯಲ್ಲಿ ಉಣ್ಣಬೇಡ ಅಂದುಬಿಟ್ಟೆನು. ಎರಡು ವಾರದಿಂದ ಅವನು ತನ್ನ ಅಕ್ಕನ ಮನೆಯಲ್ಲಿದ್ದಾನೆ.” ಆ ತಂದೆಯ ನಿಮಿತ್ತವಾಗಿಯೂ ಆ ಮಗನ ನಿಮಿತ್ತವಾಗಿಯೂ ಈ ಪಾಠವನ್ನು ಬರೆಯುತ್ತೇವೆ. ಈ ಪ್ರಶ್ನೆಯು ಹೊಸದಲ್ಲ. ಅದನ್ನು ಕೇಳಿದವರೆಲ್ಲರು ದುಷ್ಟರೂ ಅಲ್ಲ. ಆದದರಿಂದ ಎರಡು ಪಕ್ಷದ ಮಾತುಗಳನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡೋಣ.

1. ಕಾರಣವನ್ನು ಕುರಿತಾದ ವಾದ

ಇಟಲಿ ದೇಶದ ಪಂಡಿತನಾದ ತೋಮಸ್ ಅಕ್ವಿನಾಸನು (1225–1274) ದೇವರಿದ್ದಾನೆಂದು ತೋರಿಸಲಿಕ್ಕೆ ಐದು ಮಾರ್ಗಗಳನ್ನು ಬರೆದನು. ಅವುಗಳಲ್ಲಿ ಒಂದರ ಸಾರಾಂಶವು ಹೀಗಿದೆ. ನಮ್ಮ ಗದ್ದೆಗೆ ನೀರು ಮೇಲಿನ ಗದ್ದೆಯಿಂದ ಬರುತ್ತದೆ. ಅದಕ್ಕೆ ಅದರ ಮೇಲಿನ ಗದ್ದೆಯಿಂದ. ಗದ್ದೆಗಳ ಸಾಲನ್ನು ಎಷ್ಟು ಉದ್ದ ಮಾಡಿದರೂ, ಮೇಲೆ ಒಂದು ಕೆರೆಯು ಇಲ್ಲದಿದ್ದರೆ ಯಾವ ಗದ್ದೆಗೂ ನೀರಿಲ್ಲ. ಹಾಗೆಯೇ, ಇನ್ನೊಂದರಿಂದ ಇರುವಿಕೆಯನ್ನು ಪಡೆಯುವ ವಸ್ತುಗಳೆಲ್ಲಾ ಕಡೆಗೆ ತನ್ನಿಂದ ತಾನೇ ಇರುವಾತನೊಬ್ಬನನ್ನು ಆಶ್ರಯಿಸಬೇಕು.

“ಹಾಗಾದರೆ ದೇವರನ್ನು ಉಂಟುಮಾಡಿದವನು ಯಾರು?” ಎಂದು ಕೆಲವರು ಕೇಳುವರು. ಈ ಪ್ರಶ್ನೆಯು ವಾದಕ್ಕೆ ತಗಲುವದಿಲ್ಲ. ಯಾಕಂದರೆ ಎಲ್ಲಾದಕ್ಕೂ ಕಾರಣವುಂಟೆಂದು ಅದು ಹೇಳಲಿಲ್ಲ. ಪಡೆದುಕೊಂಡದ್ದಕ್ಕೆ ಕೊಟ್ಟವನು ಬೇಕೆಂದು ಹೇಳಿತು. ಆದರೆ ಇದಕ್ಕಿಂತ ಬಲವಾದ ಆಕ್ಷೇಪವೊಂದುಂಟು. ಲೋಕವೇ ತನ್ನಿಂದ ತಾನೇ ಇರಬಾರದೇಕೆ? ಮೊದಲನೆಯ ಕಾರಣವೊಂದು ಇದ್ದರೂ ಅದು ನಮ್ಮ ಪ್ರಾರ್ಥನೆಯನ್ನು ಕೇಳುತ್ತದೆಂದು ಹೇಗೆ ತಿಳಿಯುವದು? ಇದಕ್ಕೆ ಈ ವಾದದಿಂದಲೇ ಉತ್ತರ ದೊರೆಯುವದಿಲ್ಲ.

ಸುಮಾರು 1,380 ಕೋಟಿ ವರ್ಷಗಳ ಹಿಂದೆ ಈ ವಿಶ್ವವು ಬಹು ಸಾಂದ್ರವಾದ, ಬಹು ಬಿಸಿಯಾದ ಸ್ಥಿತಿಯಿಂದ ಹಿಗ್ಗತೊಡಗಿತೆಂದು ಶಾಸ್ತ್ರಜ್ಞರು ತಿಳಿಸುತ್ತಾರೆ. ವಿಶ್ವವು ಹಿಗ್ಗುತ್ತದೆಂದು 1927ರಲ್ಲಿ ಬರೆದ ಜಾರ್ಜ್ ಲೆಮೆತ್ರನು ಬೆಲ್ಜಿಯಮ್ ದೇಶದ ಪಾದ್ರಿಯಾಗಿದ್ದನು. ಆದರೂ ತನ್ನ ಲೆಕ್ಕಾಚಾರವನ್ನು ಸೃಷ್ಟಿಯ ಬೋಧನೆಗೆ ರುಜುವಾತಾಗಿ ಉಪಯೋಗಿಸುವದನ್ನು ಅವನು ಒಪ್ಪಲಿಲ್ಲ. ಈ ಎಚ್ಚರಿಕೆಯು ನಮಗೂ ಬೇಕು.

2. ರಚನೆಯನ್ನು ಕುರಿತಾದ ವಾದ

ಬಯಲಿನಲ್ಲಿ ಗಡಿಯಾರವೊಂದು ಬಿದ್ದಿದ್ದರೆ ಅದನ್ನು ಮಾಡಿದವನೊಬ್ಬನು ಇದ್ದಾನೆಂದು ತಿಳಿಯುತ್ತೇವೆ. ಕಣ್ಣು, ರೆಕ್ಕೆ ಮುಂತಾದವುಗಳ ರಚನೆಯು ಅದಕ್ಕಿಂತ ಆಶ್ಚರ್ಯವಾದದ್ದು ಎಂದು ಆಂಗ್ಲ ಬೋಧಕನಾದ ವಿಲಿಯಮ್ ಪೇಲಿಯು 1802ರಲ್ಲಿ ವಾದಿಸಿದನು. ಆದರೆ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನ ಗ್ರಂಥವು ಅದಕ್ಕೂ ಮುಂಚೆ, 1779ರಲ್ಲಿ, ಪ್ರಕಟವಾಗಿತ್ತು. ದೊಡ್ಡ ಕಟ್ಟಡವನ್ನು ಅನೇಕರು ಸೇರಿ ಕಟ್ಟುತ್ತಾರಲ್ಲಾ, ಲೋಕವನ್ನು ಒಬ್ಬನೇ ಮಾಡಿದನೆಂದು ಹೇಗೆ ಗೊತ್ತು ಎಂಬ ಪ್ರಶ್ನೆಯು ಅದರಲ್ಲುಂಟು. ಆಮೇಲೆ 1859ರಲ್ಲಿ ಚಾರ್ಲ್ಸ್ ಡಾರ್ವಿನನು, ಜೀವಿಗಳಲ್ಲಿ ಹುಟ್ಟುವ ಸಣ್ಣ ಭೇದಗಳಲ್ಲಿ ಬದುಕಲಿಕ್ಕೆ ಸಹಾಯವಾದವುಗಳು ಉಳಿದು ಬಹುಕಾಲದಲ್ಲಿ ಕೂಡುತ್ತಾ ಇಂಥ ಅಂಗಗಳು ಆಗುತ್ತವೆಂದು ತೋರಿಸಿದನು. ಇದರಿಂದ ಪೇಲಿಯ ವಾದದ ಬಲವು ಬಹಳ ಕುಂದಿತು. ಆದರೂ ಪ್ರಕೃತಿಯಲ್ಲಿ ನಿಯಮಗಳೇ ಯಾಕೆ ಇರಬೇಕು, ಅವು ನಮ್ಮ ಬುದ್ಧಿಗೆ ಯಾಕೆ ತಿಳಿಯಬೇಕು ಎಂಬ ಪ್ರಶ್ನೆಯು ಉಳಿದೇ ಇದೆ.

ಇಲ್ಲಿ ನಮ್ಮ ನಾಡಿಗೆ ಸೇರಿದ ಒಂದು ಸಂಗತಿಯನ್ನು ತಿಳಿಸುವದು ಯುಕ್ತವಾಗಿದೆ. ಮೇಲುಕೋಟೆಯಲ್ಲಿ ವಾಸಿಸಿದ್ದ ರಾಮಾನುಜಾಚಾರ್ಯರೂ ತಮ್ಮ ಶ್ರೀಭಾಷ್ಯದಲ್ಲಿ, ಲೋಕವನ್ನು ನೋಡಿ ಮಾಡುವ ಊಹೆಯಿಂದ ಒಬ್ಬನೇ ಕರ್ತನನ್ನು ಸ್ಥಾಪಿಸಲಾಗದು, ಶಾಸ್ತ್ರದಿಂದಲೇ ತಿಳಿಯಬೇಕೆಂದು ಹೇಳಿದರು. ಅವರು ದೃಢ ಭಕ್ತರಾಗಿದ್ದರು. ಆದಕಾರಣ ಒಂದು ರುಜುವಾತನ್ನು ತಳ್ಳುವವನು ದೇವರನ್ನೇ ತಳ್ಳಿದನೆಂದು ನಾವು ಅವಸರದಿಂದ ತೀರ್ಪು ಮಾಡಬಾರದು.

3. ಮನಸ್ಸಾಕ್ಷಿಯನ್ನು ಕುರಿತಾದ ವಾದ

ಜರ್ಮನ್ ತತ್ವಜ್ಞಾನಿಯಾದ ಇಮ್ಮಾನುವೇಲ್ ಕಾಂಟನು 1781ರ ಗ್ರಂಥದಲ್ಲಿ, ಬುದ್ಧಿಯ ರುಜುವಾತುಗಳಿಂದ ದೇವರನ್ನು ಸ್ಥಾಪಿಸಲಾಗದೆಂದು ಬರೆದನು. ಆದರೆ 1788ರ ಗ್ರಂಥದಲ್ಲಿ, ನಮ್ಮೊಳಗಿನ ಕರ್ತವ್ಯದ ಆಜ್ಞೆಗೆ ಪೂರ್ಣ ಅರ್ಥವು ಬರಬೇಕಾದರೆ ದೇವರಿದ್ದಾನೆಂದು ನಂಬುವದು ಯುಕ್ತವೆಂದನು. ಇದಕ್ಕೆ ಪ್ರತಿಯಾಗಿ, ಮನಸ್ಸಾಕ್ಷಿಯು ತಂದೆತಾಯಿಗಳಿಂದಲೂ ಊರ ಪದ್ಧತಿಯಿಂದಲೂ ಬಂದದ್ದು, ಅದು ದೇಶದೇಶಕ್ಕೆ ಬೇರೆಯೆಂದು ಕೆಲವರು ಹೇಳುತ್ತಾರೆ. ಇದರಲ್ಲಿ ಸತ್ಯವುಂಟು. ಆದರೆ ಊರೂರಿನ ಸೇರು ಬೇರೆಯಾದರೂ, ಕಳ್ಳ ಸೇರಿನಿಂದ ಅಳೆಯುವದು ಮೋಸವೆಂದು ಎಲ್ಲಾ ಊರಿನವರೂ ಬಲ್ಲರು. ಈ ಅರಿವು ಎಲ್ಲಿಂದ ಬಂತೆಂಬದು ವಿಚಾರಿಸತಕ್ಕ ಪ್ರಶ್ನೆಯೇ.

4. ಸಂಕಟದ ಪ್ರಶ್ನೆ

ಇಲ್ಲವೆನ್ನುವವರ ವಾದಗಳಲ್ಲಿ ಇದೇ ಅತಿ ಭಾರವಾದದ್ದು. ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಇಷ್ಟು ಕೇಡು ಯಾಕೆ? 1755ನೇ ನವಂಬರ್ 1ರಂದು, ಸಕಲ ಪರಿಶುದ್ಧರ ಹಬ್ಬದ ಬೆಳಿಗ್ಗೆ, ಪೋರ್ಚುಗಲ್ ದೇಶದ ಲಿಸ್ಬನ್ ಪಟ್ಟಣದಲ್ಲಿ ಭೂಕಂಪವಾಯಿತು. ಆರಾಧನೆಗೆ ಕೂಡಿದ್ದವರ ಮೇಲೆ ದೇವಾಲಯಗಳು ಬಿದ್ದವು, ಸಮುದ್ರವು ಉಕ್ಕಿ ಬಂತು, ಬೆಂಕಿಯು ಹತ್ತಿತು, ಸಾವಿರಾರು ಜನರು ಸತ್ತರು. ದೇವರು ಉಂಟುಮಾಡಬಹುದಾದ ಲೋಕಗಳಲ್ಲಿ ಇದೇ ಅತ್ಯುತ್ತಮವೆಂದು ಲೈಬ್ನಿಟ್ಸನು 1710ರಲ್ಲಿ ಬರೆದಿದ್ದನು. ಈ ಭೂಕಂಪದ ತರುವಾಯ ಫ್ರೆಂಚ್ ಗ್ರಂಥಕರ್ತನಾದ ವೋಲ್ಟೇರನು ಆ ಮಾತನ್ನು ಕಠಿಣವಾಗಿ ಹಾಸ್ಯಮಾಡಿದನು.

ಮನುಷ್ಯರಿಗೆ ಸ್ವತಂತ್ರ ಚಿತ್ತವು ಕೊಡಲ್ಪಟ್ಟದ್ದರಿಂದ ಕೇಡು ಬಂತೆಂದು ನಾವು ಉತ್ತರ ಕೊಡುತ್ತೇವೆ. ಕೊಲೆಗೂ ಕಳವಿಗೂ ಈ ಉತ್ತರವು ತಕ್ಕದ್ದು. ಭೂಕಂಪಕ್ಕೂ ತೊಟ್ಟಿಲ ಕೂಸಿನ ಮರಣಕ್ಕೂ ಅದು ಸಾಲದು. ಕಷ್ಟದಿಂದ ಗುಣವು ಬೆಳೆಯುತ್ತದೆನ್ನುತ್ತೇವೆ. ಕೆಲವರು ಕಷ್ಟದಿಂದ ಮುರಿದುಹೋಗುವದನ್ನೂ ಕಂಡಿದ್ದೇವೆ. ಯೋಬನ ಸ್ನೇಹಿತರು ಅವನ ಸಂಕಟಕ್ಕೆ ಕಾರಣಗಳನ್ನು ಹೇಳಿ ದೇವರಿಂದ ಗದರಿಸಲ್ಪಟ್ಟರು. ಕೂಗಾಡಿ ಪ್ರಶ್ನೆಮಾಡಿದ ಯೋಬನು ಮೆಚ್ಚಲ್ಪಟ್ಟನು. ದೇವರು ನಮ್ಮ ಸಂಕಟವನ್ನು ದೂರದಿಂದ ನೋಡುವವನಲ್ಲ, ಶಿಲುಬೆಯಲ್ಲಿ ಅದರೊಳಗೆ ಬಂದವನು ಎಂಬದೇ ನಮ್ಮ ನಂಬಿಕೆ. ಇದು ತರ್ಕದ ರುಜುವಾತಲ್ಲ. ಆದರೆ ಮಗುವನ್ನು ಮಣ್ಣುಮಾಡಿ ಬಂದ ತಾಯಿಯ ಬಳಿಯಲ್ಲಿ ನಾವು ಹೇಳಬಹುದಾದ ಮಾತು ಇದೇ. ಅದಕ್ಕಿಂತ ಮುಂಚೆ ಅವಳ ಸಂಗಡ ಸುಮ್ಮನೆ ಕೂತು ಅಳುವದು ಒಳ್ಳೇದು.

5. ಇದರಿಂದ ನಾವು ಕಲಿಯತಕ್ಕದ್ದು

ಈ ವಾದಗಳು ಲೆಕ್ಕದಂತೆ ಎಲ್ಲರನ್ನೂ ಒಪ್ಪಿಸುವಂಥವುಗಳಲ್ಲ. ನಂಬುವದು ಮೂಢತನವಲ್ಲವೆಂದು ಅವು ತೋರಿಸುತ್ತವೆ. ಸಂದೇಹಪಡುವದು ದುಷ್ಟತನವಲ್ಲವೆಂದೂ ತೋರಿಸುತ್ತವೆ. ಪಾಸ್ಕಲನು ತನ್ನ ಮರಣದ ನಂತರ 1670ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಬುದ್ಧಿಯು ಇದನ್ನು ತೀರಿಸಲಾರದಾದದರಿಂದ ನಂಬುವದರಲ್ಲೇ ಲಾಭವೆಂದು ಪಣದ ಹೋಲಿಕೆಯಿಂದ ಹೇಳಿದನು. ಆದರೆ ಲಾಭಕ್ಕಾಗಿ ಮಾತ್ರ ಹಿಡಿದ ಭಕ್ತಿಯು ಪ್ರೀತಿಯಲ್ಲ. ಹೆದರಿಕೆಯಿಂದ ಪ್ರಾರ್ಥನೆಗೆ ಕೂತ ಮಗನ ಭಕ್ತಿಯೂ ಹಾಗೆಯೇ. ಸಂದೇಹಪಟ್ಟ ತೋಮನನ್ನು ಕರ್ತನು ಶಿಷ್ಯರ ಗುಂಪಿನಿಂದ ಹೊರಡಿಸಲಿಲ್ಲ, ಹತ್ತಿರಕ್ಕೆ ಕರೆದನು.

ಆ ಹಿರಿಯರಿಗೆ ನಾವು ಇದನ್ನೇ ಹೇಳಿದೆವು: “ನೀವೇ ಮಗಳ ಮನೆಗೆ ಹೋಗಿರಿ. ವಾದಮಾಡದೆ ಅವನನ್ನು ಊಟಕ್ಕೆ ಕರೆಯಿರಿ. ಅವನು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿರಿ. ನೀವು ಯಾಕೆ ನಂಬುತ್ತೀರೆಂಬದನ್ನು ಮಾತ್ರ ಮರೆಮಾಡಬೇಡಿರಿ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಬಾರದಿದ್ದರೆ?” ಅಂದರು. “ಮುಂದಿನ ವಾರ ತಿರಿಗಿ ಹೋಗಿರಿ” ಎಂದೆವು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಗದ್ದೆ ಮತ್ತು ಕೆರೆಯ ಹೋಲಿಕೆಯು ಏನನ್ನು ತೋರಿಸುತ್ತದೆ? ಏನನ್ನು ತೋರಿಸುವದಿಲ್ಲ?
2. ಯೋಬನ ಸ್ನೇಹಿತರ ತಪ್ಪನ್ನು ನಾವು ಯಾವಾಗ ಮಾಡಿದ್ದೇವೆ?
3. ನಮ್ಮ ಮನೆಯಲ್ಲಿ ಒಬ್ಬನು ಸಂದೇಹವನ್ನು ಹೇಳಿದರೆ ನಮ್ಮ ಮೊದಲನೆಯ ಮಾತು ಏನಾಗಿರಬೇಕು?