ವೈಪರು ಕೈಕೊಟ್ಟಾಗ: ದೋಷಾನ್ವೇಷಣೆಯ ಒಂದು ಪಾಠ

ಮಳೆಗಾಲದಲ್ಲಿ ಆಗುಂಬೆಯ ಘಟ್ಟವನ್ನು ಇಳಿಯುತ್ತಿರುವ ಕಾರೊಂದನ್ನು ಕಲ್ಪಿಸಿಕೊಳ್ಳೋಣ. ಅದರ ವೇಗ ಗಂಟೆಗೆ ಕೇವಲ 36 ಕಿಲೋಮೀಟರು ಎಂದರೂ, ಅದು ಪ್ರತಿ ಸೆಕೆಂಡಿಗೆ 10 ಮೀಟರು ದೂರವನ್ನು ಕ್ರಮಿಸುತ್ತದೆ. ಮುಂಭಾಗದ ಗಾಜು ಮೂರೇ ಸೆಕೆಂಡುಗಳ ಕಾಲ ಮಳೆನೀರಿನಿಂದ ಮಸುಕಾದರೆ ಚಾಲಕನು 30 ಮೀಟರು ದೂರವನ್ನು ಕಣ್ಣು ಕಟ್ಟಿಸಿಕೊಂಡವನಂತೆ ದಾಟಿರುತ್ತಾನೆ. ಘಟ್ಟದ ದಾರಿಯಲ್ಲಿ ಒಂದು ತಿರುವು ತಪ್ಪುವುದಕ್ಕೆ ಅಷ್ಟು ದೂರ ಧಾರಾಳವಾಗಿ ಸಾಕು. ಗಾಜನ್ನೊರೆಸುವ ವೈಪರು ಅಲಂಕಾರದ ವಸ್ತುವಲ್ಲ. ಬ್ರೇಕಿನಂತೆಯೇ ಅದೂ ಪ್ರಾಣರಕ್ಷಕ ಸಾಧನ.

ಆದರೂ ಬೇಸಗೆಯುದ್ದಕ್ಕೂ ನಾವು ಅದನ್ನು ಮರೆತಿರುತ್ತೇವೆ. ಮೊದಲ ಮಳೆಯಲ್ಲಿ ಅದು ಮುಷ್ಕರ ಹೂಡಿದಾಗ “ಮೋಟಾರು ಸುಟ್ಟಿರಬೇಕು” ಎಂದು ತೀರ್ಮಾನಿಸಿ ಹೊಸ ಮೋಟಾರನ್ನು ಹಾಕಿಸುವುದೂ, ಹಣ ತೆತ್ತ ಮೇಲೆ ದೋಷ ಇದ್ದಲ್ಲಿಯೇ ಇರುವುದೂ ಅಪರೂಪವಲ್ಲ. ಇದು ಊಹೆಯನ್ನೇ ಸಿದ್ಧಾಂತವೆಂದು ಭ್ರಮಿಸಿದುದರ ಫಲ. ಲಕ್ಷಣದಿಂದ ಕಾರಣಕ್ಕೆ ಕ್ರಮವಾಗಿ ಸಾಗುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಇದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲ ಬಹುಮಟ್ಟಿಗೆ ನಮ್ಮ ತರಗತಿಯ ಪಠ್ಯಪುಸ್ತಕದಲ್ಲಿಯೇ ಇದೆ.

ದೋಷವಲ್ಲದ ದೋಷ

ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ 1903ರಲ್ಲಿ ಗಾಜನ್ನೊರೆಸುವ ಸಾಧನವೊಂದಕ್ಕೆ ಪೇಟೆಂಟು ಪಡೆದರು. ಒಳಗೆ ಕುಳಿತವರು ಕೈಯಿಂದ ಸನ್ನೆಯನ್ನು ಆಡಿಸಿದರೆ ಹೊರಗೆ ರಬ್ಬರಿನ ಅಂಚು ಗಾಜಿನ ಮೇಲೆ ಚಲಿಸುತ್ತಿತ್ತು. ತರುವಾಯ ಬಂದ ಅನೇಕ ಕಾರುಗಳಲ್ಲಿ ಎಂಜಿನು ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಉಂಟಾಗುವ ಭಾಗಶಃ ನಿರ್ವಾತದಿಂದಲೇ ವೈಪರನ್ನು ನಡೆಸುತ್ತಿದ್ದರು. ಇದರಲ್ಲಿ ಒಂದು ವಿಚಿತ್ರ ತೊಡಕಿತ್ತು. ಏರು ಹತ್ತುವಾಗ ಚಾಲಕನು ಆಕ್ಸಿಲರೇಟರನ್ನು ಒತ್ತಿದೊಡನೆ ಗಾಳಿಯ ದ್ವಾರ ಅಗಲವಾಗಿ ತೆರೆಯುತ್ತಿತ್ತು. ಒಳಗಿನ ಒತ್ತಡ ಹೊರಗಿನ ಒತ್ತಡಕ್ಕೆ ಸಮೀಪವಾಗುತ್ತಿತ್ತು. ವೈಪರು ನಿಧಾನವಾಗುತ್ತಿತ್ತು, ಕೆಲವೊಮ್ಮೆ ನಿಂತೇ ಹೋಗುತ್ತಿತ್ತು. ಯಂತ್ರದ ಯಾವ ಭಾಗವೂ ಕೆಟ್ಟಿರುತ್ತಿರಲಿಲ್ಲ. ಅದನ್ನು ನಡೆಸುವ ಒತ್ತಡದ ವ್ಯತ್ಯಾಸವೇ ಇರುತ್ತಿರಲಿಲ್ಲ. ವೈಪರು ನಿಂತಿತೆಂದ ಮಾತ್ರಕ್ಕೆ ವೈಪರೇ ಕೆಟ್ಟಿದೆಯೆಂದು ಅರ್ಥವಲ್ಲ ಎಂಬುದು ನಮ್ಮ ಮೊದಲನೆಯ ಸೂತ್ರವಾಗಲಿ.

ಸರಪಳಿ ಮತ್ತು ಅದರ ಕೊಂಡಿಗಳು

ಇಂದಿನ ಕಾರುಗಳಲ್ಲಿ ವೈಪರನ್ನು ವಿದ್ಯುತ್ ಮೋಟಾರು ನಡೆಸುತ್ತದೆ. ಬ್ಯಾಟರಿಯಿಂದ ಹೊರಟ ಪ್ರವಾಹ ಫ್ಯೂಸು ಮತ್ತು ಸ್ವಿಚ್ಚುಗಳ ಮೂಲಕ ಮೋಟಾರನ್ನು ಸೇರುತ್ತದೆ. ಅಲ್ಲಿಂದ ಮರಳುವುದಕ್ಕೆ ಕಾರಿನ ಲೋಹದ ಮೈಯೇ ದಾರಿ. ಕಾರ್ಖಾನೆಯವರು ಇದನ್ನು ಅರ್ಥಿಂಗ್ ಎನ್ನುತ್ತಾರೆ. ಮೋಟಾರಿನ ಅತಿವೇಗದ ಭ್ರಮಣೆಯನ್ನು ವರ್ಮ್ ಗೇರು ತಗ್ಗಿಸುತ್ತದೆ. ಉದಾಹರಣೆಗೆ, ನಿಮಿಷಕ್ಕೆ 2700 ಸುತ್ತು ತಿರುಗುವ ಮೋಟಾರು 60 ಹಲ್ಲುಗಳ ಚಕ್ರವನ್ನು ಒಂದೆಳೆಯ ವರ್ಮಿನಿಂದ ನಡೆಸಿದರೆ ಚಕ್ರ ನಿಮಿಷಕ್ಕೆ 45 ಸುತ್ತು ತಿರುಗುವುದು. ಈ ಚಕ್ರದ ಕ್ರ್ಯಾಂಕು ಉದ್ದನೆಯ ಸರಳುಗಳ ಮೂಲಕ ಎರಡು ಗೂಟಗಳನ್ನು ಹಿಂದಕ್ಕೂ ಮುಂದಕ್ಕೂ ಹೊರಳಿಸುತ್ತದೆ. ಗೂಟಗಳ ತುದಿಯಲ್ಲಿ ತೋಳುಗಳು, ತೋಳುಗಳ ತುದಿಯಲ್ಲಿ ರಬ್ಬರಿನ ಬ್ಲೇಡುಗಳು.

ಇಷ್ಟು ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತ ಕೂರುವುದು ಜಾಣತನವಲ್ಲ. ಸರಪಳಿಯ ನಡುವಿನಲ್ಲಿ ಪರೀಕ್ಷಿಸಿದರೆ ಒಂದೇ ಪರೀಕ್ಷೆಯಿಂದ ಅರ್ಧದಷ್ಟು ಕೊಂಡಿಗಳು ನಿರ್ದೋಷಿಗಳೆಂದು ತಿಳಿಯುತ್ತದೆ. ಉಳಿದ ಅರ್ಧದ ನಡುವೆ ಮತ್ತೊಂದು ಪರೀಕ್ಷೆ. ಹದಿನಾರು ಕೊಂಡಿಗಳಿದ್ದರೂ, ದೋಷ ಒಂದೇ ಆಗಿದ್ದಲ್ಲಿ, ನಾಲ್ಕು ಪರೀಕ್ಷೆಗಳಲ್ಲಿ ಅದು ಸಿಕ್ಕಿಬೀಳುವುದು.

ನಮ್ಮ ಸರಪಳಿಯ ನಡುಕೊಂಡಿ ಮೋಟಾರು. ಅದನ್ನು ಪರೀಕ್ಷಿಸಲು ಮೊದಲ ಉಪಕರಣ ನಮ್ಮ ಕಿವಿ. ಸ್ವಿಚ್ಚು ಹಾಕಿದಾಗ ಮೋಟಾರು ತಿರುಗುವ ಸದ್ದು ಕೇಳಿಸಿ, ತೋಳುಗಳು ಮಾತ್ರ ಚಲಿಸದಿದ್ದರೆ ವಿದ್ಯುನ್ಮಂಡಲ ನಿರ್ದೋಷಿ. ಗೇರು, ಕ್ರ್ಯಾಂಕಿನ ನಟ್ಟು ಅಥವಾ ಸರಳುಗಳನ್ನು ಶಂಕಿಸಬೇಕು. ಒಂದು ತೋಳು ಚಲಿಸಿ ಇನ್ನೊಂದು ನಿಂತಿದ್ದರೆ ದೋಷ ಆ ಒಂದು ತೋಳಿನ ನಟ್ಟಿನಲ್ಲಿ ಅಥವಾ ಅದಕ್ಕೆ ಹೋಗುವ ಸರಳಿನ ಕೀಲಿನಲ್ಲಿದೆ. ನಟ್ಟನ್ನು ಬಿಗಿಮಾಡುವ ಐದು ನಿಮಿಷಗಳ ಕೆಲಸದಿಂದಲೇ ರೋಗ ಗುಣವಾಗಬಹುದು. ಸದ್ದೇ ಇಲ್ಲದಿದ್ದರೆ ಫ್ಯೂಸಿನಿಂದ ಆರಂಭಿಸಬೇಕು.

ಫ್ಯೂಸು ಏಕೆ ಸುಟ್ಟಿತು?

ಫ್ಯೂಸು ಸುಟ್ಟಿರುವುದು ಕಂಡುಬಂದರೆ ಕಾರಣ ಸಿಕ್ಕಿತೆಂದು ಹಿಗ್ಗಬಾರದು. ಅದು ಲಕ್ಷಣವೇ ಹೊರತು ರೋಗವಲ್ಲ. ಮೋಟಾರಿನ ಸುರುಳಿ ಕಾಂತಕ್ಷೇತ್ರದಲ್ಲಿ ತಿರುಗುವಾಗ ಅದರಲ್ಲಿಯೇ ಬ್ಯಾಟರಿಗೆ ಎದುರಾದ ಒಂದು ವಿದ್ಯುಚ್ಚಾಲಕ ಬಲ ಹುಟ್ಟುತ್ತದೆ. ಈ ಪ್ರತಿಬಲವೇ ಪ್ರವಾಹವನ್ನು ಮಿತಿಯಲ್ಲಿಡುತ್ತದೆ. ಸುರುಳಿಯ ರೋಧ 0.6 ಓಮ್, ಬ್ಯಾಟರಿ 12 ವೋಲ್ಟ್, ಪ್ರವಾಹ 4 ಆಂಪೇರ್ ಎಂದಿಟ್ಟುಕೊಳ್ಳೋಣ. ರೋಧದಲ್ಲಿ ಇಳಿಯುವುದು 2.4 ವೋಲ್ಟ್ ಮಾತ್ರ, ಉಳಿದ 9.6 ವೋಲ್ಟಿಗೆ ಪ್ರತಿಬಲ ಎದುರಾಗಿ ನಿಲ್ಲುತ್ತದೆ.

ತುಕ್ಕು ಹಿಡಿದ ಗೂಟವು ಮೋಟಾರನ್ನು ತಡೆದು ನಿಲ್ಲಿಸಿತೆನ್ನೋಣ. ಭ್ರಮಣೆ ನಿಂತೊಡನೆ ಪ್ರತಿಬಲ ಸೊನ್ನೆಯಾಗುತ್ತದೆ. ಪ್ರವಾಹ 12/0.6, ಅಂದರೆ 20 ಆಂಪೇರಿಗೆ ಏರುತ್ತದೆ. ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಸುರುಳಿಯಲ್ಲಿ 9.6 ವಾಟಿಗೆ ಬದಲು 240 ವಾಟ್ ಉಷ್ಣ ಹುಟ್ಟುವುದು: ಇಪ್ಪತ್ತೈದು ಪಟ್ಟು! ಇಂತಹ ವೇಳೆಯಲ್ಲಿ ಫ್ಯೂಸು ತಾನು ಸುಟ್ಟು ಮೋಟಾರನ್ನು ಕಾಯುತ್ತದೆ. ಅದರ ಜಾಗದಲ್ಲಿ ಹೆಚ್ಚು ಆಂಪೇರಿನ ಫ್ಯೂಸನ್ನೋ ತಂತಿಯ ತುಂಡನ್ನೋ ಹಾಕುವವನು ಕಾವಲುಗಾರನನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದಂತೆ. ಸುರುಳಿಯಷ್ಟೇ ಅಲ್ಲ, ತಂತಿಗಳೂ ಹೊತ್ತಿಕೊಂಡಾವು. ಕೆಲವು ಮೋಟಾರುಗಳೊಳಗೆ ಎರಡು ಲೋಹಗಳ ಪಟ್ಟಿಯೊಂದಿದ್ದು, ಕಾವೇರಿದಾಗ ಅದು ಬಾಗಿ ಮಂಡಲವನ್ನು ಕಡಿಯುತ್ತದೆ. ತಣಿದಾಗ ಮತ್ತೆ ಕೂಡಿಸುತ್ತದೆ. ಕೆಲವು ನಿಮಿಷ ನಡೆದು ನಿಂತು, ಬಿಡುವಿನ ನಂತರ ತಾನಾಗಿಯೇ ಮತ್ತೆ ಹೊರಡುವ ವೈಪರಿನಲ್ಲಿ ಇಂತಹ ಅತಿಭಾರವನ್ನು ಶಂಕಿಸಬೇಕು.

ಭಾರ ಎಲ್ಲಿದೆಯೆಂದು ತಿಳಿಯಲು ಮತ್ತೆ ಸರಪಳಿಯನ್ನು ಇಬ್ಭಾಗ ಮಾಡಬೇಕು. ಕ್ರ್ಯಾಂಕಿನಿಂದ ಸರಳುಗಳನ್ನು ಬೇರ್ಪಡಿಸಿ ಮೋಟಾರೊಂದನ್ನೇ ನಡೆಸಿದಾಗ ಅದು ಚುರುಕಾಗಿ ತಿರುಗಿದರೆ ದೋಷ ಗೂಟಗಳ ಕಡೆಗಿದೆ. ಸರಳುಗಳನ್ನು ಬೇರ್ಪಡಿಸದೆ ತೋಳನ್ನು ಕೈಯಿಂದ ನೂಕಿ ನೋಡಬಾರದು. ವರ್ಮ್ ಚಕ್ರವನ್ನು ತಿರುಗಿಸಬಲ್ಲುದೇ ಹೊರತು ಚಕ್ರ ವರ್ಮನ್ನು ಸುಲಭವಾಗಿ ತಿರುಗಿಸಲಾರದು. ಬಲವಂತ ಮಾಡಿದರೆ ಗೇರಿನ ಹಲ್ಲು ಮುರಿಯಬಹುದು. ಬಿಚ್ಚುವ ಮೊದಲು ಬ್ಯಾಟರಿಯ ಸಂಪರ್ಕವನ್ನು ಕಡಿಯಬೇಕು. ನಡೆಸಿ ನೋಡುವಾಗ ಕೈಯನ್ನು ದೂರವಿಡಬೇಕು.

ವೋಲ್ಟ್‌ಮೀಟರಿನ ಅರ್ಧಸತ್ಯ

ಇನ್ನು ಅತ್ಯಂತ ಸ್ವಾರಸ್ಯಕರವಾದ ದೋಷಕ್ಕೆ ಬರೋಣ. ಫ್ಯೂಸು ಸರಿಯಿದೆ, ಗೂಟಗಳು ಸಡಿಲವಾಗಿವೆ, ಆದರೂ ವೈಪರು ತೆವಳುತ್ತಿದೆ. ಪರೀಕ್ಷಕನು ಮೋಟಾರಿನ ಪ್ಲಗ್ಗನ್ನು ಕಳಚಿ ಅದರ ಎರಡು ತಂತಿಗಳ ನಡುವೆ ವೋಲ್ಟ್‌ಮೀಟರನ್ನು ಹಿಡಿಯುತ್ತಾನೆ. ಅದು 12 ವೋಲ್ಟುಗಳನ್ನು ತೋರಿಸುತ್ತದೆ. “ವಿದ್ಯುತ್ತು ಪೂರ್ತಿ ಬರುತ್ತಿದೆ, ಆದಕಾರಣ ಮೋಟಾರೇ ಕೆಟ್ಟಿದೆ” ಎಂದು ಅವನ ತರ್ಕ. ತರ್ಕ ಸರಿಯಾಗಿ ತೋರುತ್ತದೆ, ತೀರ್ಮಾನ ತಪ್ಪಾಗಿರಬಹುದು.

ಮರಳುವ ದಾರಿಯಲ್ಲಿ ಅರ್ಥಿಂಗ್ ತಂತಿಯ ಕೆಳಗೆ ತುಕ್ಕು ಸೇರಿ 1 ಓಮ್ ರೋಧ ಹುಟ್ಟಿದೆಯೆಂದು ಭಾವಿಸೋಣ. ಈಚಿನ ವೋಲ್ಟ್‌ಮೀಟರುಗಳ ರೋಧ ಸಾಮಾನ್ಯವಾಗಿ 1 ಕೋಟಿ ಓಮಿನಷ್ಟು. ಅದರ ಮುಂದೆ 1 ಓಮ್ ಯಾವ ಲೆಕ್ಕ? ಅತ್ಯಲ್ಪ ಪ್ರವಾಹಕ್ಕೆ ಆ ತುಕ್ಕಿನಲ್ಲಿ ವಿಭವ ಇಳಿಯುವುದೇ ಇಲ್ಲ. ಮೀಟರು 12 ವೋಲ್ಟುಗಳನ್ನು ಪ್ರಾಮಾಣಿಕವಾಗಿಯೇ ತೋರಿಸುತ್ತದೆ. ಆದರೆ ಮೋಟಾರನ್ನು ಜೋಡಿಸಿ 4 ಆಂಪೇರ್ ಹರಿಸಿದೊಡನೆ ಓಮನ ನಿಯಮದಂತೆ ತುಕ್ಕಿನಲ್ಲಿಯೇ 4 ವೋಲ್ಟ್ ನಷ್ಟವಾಗುತ್ತದೆ. ಮೋಟಾರಿಗೆ ದೊರೆಯುವುದು 8 ವೋಲ್ಟ್ ಮಾತ್ರ. ಹೊಸ ಮೋಟಾರು ಹಾಕಿದರೂ ಅದಕ್ಕೂ ಇದೇ ಗತಿ.

ಆದುದರಿಂದ ಅಳತೆಯನ್ನು ಪ್ರವಾಹ ಹರಿಯುತ್ತಿರುವಾಗಲೇ ಮಾಡಬೇಕು. ವೈಪರು ನಡೆಯುತ್ತಿರುವಾಗ ಮೀಟರಿನ ಒಂದು ತುದಿಯನ್ನು ಮೋಟಾರಿನ ಅರ್ಥಿಂಗ್ ತಂತಿ ಹೊರಡುವಲ್ಲಿಗೂ ಇನ್ನೊಂದನ್ನು ಬ್ಯಾಟರಿಯ ಋಣಧ್ರುವಕ್ಕೂ ತಾಗಿಸಬೇಕು. ಒಳ್ಳೆಯ ಸಂಪರ್ಕವಿದ್ದಲ್ಲಿ ಸೊನ್ನೆಗೆ ಸಮೀಪದ ಸಂಖ್ಯೆ ಕಾಣುವುದು. 4 ವೋಲ್ಟ್ ಕಂಡರೆ ಅಪರಾಧಿ ಸಿಕ್ಕಂತೆಯೇ. ಆ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ತಿರುಪನ್ನು ಬಿಗಿಮಾಡುವುದೇ ಚಿಕಿತ್ಸೆ. ಬ್ಯಾಟರಿಯ ಧನಧ್ರುವದಿಂದ ಮೋಟಾರಿನವರೆಗಿನ ದಾರಿಯನ್ನೂ ಹೀಗೆಯೇ ತುಂಡುತುಂಡಾಗಿ ಪರೀಕ್ಷಿಸಬಹುದು.

ಎರಡು ವೇಗಗಳು ಹೇಳುವ ಸುಳಿವು

ಬಹುತೇಕ ವೈಪರುಗಳಿಗೆ ಎರಡು ವೇಗಗಳಿವೆ. ಇದಕ್ಕಾಗಿ ಅನೇಕ ಮೋಟಾರುಗಳಲ್ಲಿ ಮೂರು ಕಾರ್ಬನ್ ಬ್ರಷ್ಷುಗಳಿರುತ್ತವೆ. ಮೂರನೆಯದು ಓರೆಯಾಗಿ ಕೂತಿರುವುದರಿಂದ ಅದರ ಮೂಲಕ ಪ್ರವಾಹ ಹರಿದಾಗ ಪ್ರತಿಬಲವನ್ನು ಹುಟ್ಟಿಸುವ ಸುತ್ತುಗಳ ಸಂಖ್ಯೆ ಕಡಮೆಯಾಗುತ್ತದೆ. ಅಷ್ಟೇ ಪ್ರತಿಬಲ ಬರಬೇಕಾದರೆ ಮೋಟಾರು ಹೆಚ್ಚು ವೇಗವಾಗಿ ತಿರುಗಲೇಬೇಕು. ನಿಧಾನ ವೇಗ ಸರಿಯಿದ್ದು ತೀವ್ರ ವೇಗ ಮಾತ್ರ ಬಾರದಿದ್ದರೆ ಎರಡಕ್ಕೂ ಸಮಾನವಾದ ಫ್ಯೂಸು, ಅರ್ಥಿಂಗ್, ಗೇರು, ಸರಳು ಎಲ್ಲವೂ ಆರೋಪದಿಂದ ಮುಕ್ತವಾಗುತ್ತವೆ. ಉಳಿಯುವವು ಮೂರನೆಯ ಬ್ರಷ್ಷು, ಅದರ ತಂತಿ, ಸ್ವಿಚ್ಚಿನ ಆ ಒಂದು ಸಂಪರ್ಕ.

ಸ್ವಿಚ್ಚು ತೆಗೆದಾಗ ತೋಳುಗಳು ಗಾಜಿನ ಬುಡಕ್ಕೆ ಬಂದು ನಿಲ್ಲುವುದು ಗೇರಿನ ಚಕ್ರದೊಡನೆ ತಿರುಗುವ ಇನ್ನೊಂದು ಸಂಪರ್ಕದಿಂದ. ಅವು ಗಾಜಿನ ನಡುವೆಯೇ ನಿಂತರೆ ಅಥವಾ ನಿಲ್ಲದೆ ಆಡುತ್ತಲೇ ಇದ್ದರೆ ಆ ಸಂಪರ್ಕವನ್ನು ಮೊದಲು ನೋಡಬೇಕು.

ತುಂತುರು ಮಳೆಗೆಂದು ಬಿಟ್ಟುಬಿಟ್ಟು ಒರೆಸುವ ವೈಪರಿಗೆ ರಾಬರ್ಟ್ ಕರ್ನ್ಸ್ ಎಂಬಾತ 1967ರಲ್ಲಿ ಅಮೆರಿಕದ ಪೇಟೆಂಟು ಪಡೆದನು. ಅದರ ವಿರಾಮಕಾಲವನ್ನು ರೋಧಕದ ಮೂಲಕ ತುಂಬುವ ಧಾರಕವೊಂದು ನಿರ್ಧರಿಸುತ್ತದೆ. 50,000 ಓಮ್ ರೋಧ ಮತ್ತು 100 ಮೈಕ್ರೋಫ್ಯಾರಡ್ ಧಾರಕಗಳ ಗುಣಲಬ್ಧ 5 ಸೆಕೆಂಡುಗಳೆಂಬುದನ್ನು ಓದುಗರು ಲೆಕ್ಕ ಹಾಕಿ ನೋಡಬಹುದು. ವಿರಾಮದ ನಡಿಗೆ ಮಾತ್ರ ತಪ್ಪಿದ್ದರೆ ಮೋಟಾರನ್ನು ಮುಟ್ಟುವ ಅಗತ್ಯವೇ ಇಲ್ಲ. ಈಚಿನ ಅನೇಕ ಕಾರುಗಳಲ್ಲಿ ಸ್ವಿಚ್ಚು ಒಂದು ಎಲೆಕ್ಟ್ರಾನಿಕ್ ನಿಯಂತ್ರಕಕ್ಕೆ ಸಂಕೇತವನ್ನಷ್ಟೇ ಕಳುಹಿಸುತ್ತದೆ. ಅಂತಹವುಗಳ ತಂತಿಗಳಿಗೆ ಪರೀಕ್ಷಾದೀಪವನ್ನು ತಾಗಿಸುವುದು ಅಪಾಯಕರ, ತಯಾರಕರ ಕೈಪಿಡಿಯಂತೆ ನಡೆಯಬೇಕು.

ರಬ್ಬರು ಮತ್ತು ಗಾಜು

ಯಂತ್ರವೆಲ್ಲ ಸರಿಯಿದ್ದೂ ಗಾಜು ಮಸುಕಾಗಿರಬಹುದು. ವೈಪರು ಗಾಜನ್ನು ಪೂರ್ತಿ ಒಣಗಿಸುವುದಿಲ್ಲ. ಹನಿಗಳನ್ನು ಅಳಿಸಿ ತೆಳುವಾದ ಸಮಪದರವನ್ನು ಉಳಿಸುತ್ತದೆ. ಸಮಪದರದ ಮೂಲಕ ನೋಟ ನೇರವಾಗಿ ಸಾಗುತ್ತದೆ. ಹನಿಯಾದರೋ ಒಂದು ಪುಟ್ಟ ಮಸೂರ. ಎದುರು ವಾಹನದ ದೀಪವನ್ನು ದಿಕ್ಕುದಿಕ್ಕಿಗೆ ಚೆಲ್ಲುತ್ತದೆ. ಗಾಜಿನ ಮೇಲೆ ಎಣ್ಣೆಯ ಜಿಡ್ಡಿದ್ದರೆ ನೀರು ಹರಡಿಕೊಳ್ಳದೆ ಮತ್ತೆ ಹನಿಗಟ್ಟುತ್ತದೆ. ಆಗ ಬ್ಲೇಡನ್ನು ದೂಷಿಸದೆ ಗಾಜನ್ನು ಸಾಬೂನಿನಿಂದ ತೊಳೆಯಬೇಕು.

ಬ್ಲೇಡಿನ ರೋಗಗಳನ್ನು ಅದು ಬರೆಯುವ ಗೆರೆಗಳೇ ಹೇಳುತ್ತವೆ. ಕಮಾನಿನಂತಹ ಸಣ್ಣ ಗೆರೆಯೊಂದು ಸದಾ ಅದೇ ಜಾಗದಲ್ಲಿ ಉಳಿದರೆ ರಬ್ಬರಿನ ಅಂಚು ಅಲ್ಲಿ ಹರಿದಿದೆ ಅಥವಾ ಮರಳಿನ ಕಣ ಸಿಕ್ಕಿಕೊಂಡಿದೆ. ಅಗಲವಾದ ಪಟ್ಟಿ ಉಳಿದರೆ ಅಲ್ಲಿ ಒತ್ತಡ ಸಾಲದು. ಅಂಚು ಯಾವಾಗಲೂ ಚಲನೆಯ ಹಿಂದಕ್ಕೆ ಬಾಗಿ ಎಳೆಯಲ್ಪಡಬೇಕು. ದಿಕ್ಕು ಬದಲಾದಾಗ ಅದೂ ಮಗುಚಿಕೊಳ್ಳಬೇಕು. ಬಿಸಿಲಿನಿಂದ ಗಡುಸಾದ ರಬ್ಬರು ಮಗುಚುವುದಿಲ್ಲ. ಗಾಜಿಗೆ ಕಚ್ಚಿ, ಬಾಗಿ, ಹಠಾತ್ತನೆ ಜಾರಿ, ಮತ್ತೆ ಕಚ್ಚಿ ಕಟಕಟನೆ ಸದ್ದು ಮಾಡುತ್ತದೆ. ಪಿಟೀಲಿನ ತಂತಿಯನ್ನು ಕಮಾನು ನುಡಿಸುವುದೂ ಇದೇ ಕ್ರಮದಿಂದ! ಒಂದೇ ದಿಕ್ಕಿನಲ್ಲಿ ಸದ್ದು ಬಂದರೆ ತೋಳು ಸೊಟ್ಟಗಾಗಿರುವ ಸಂಭವವಿದೆ. ಒಣಗಾಜಿನ ಮೇಲೆ ಘರ್ಷಣೆ ಬಹಳ ಹೆಚ್ಚಾಗಿರುವುದರಿಂದ ಪರೀಕ್ಷೆಗಾಗಿಯಾದರೂ ವೈಪರನ್ನು ನೀರು ಚಿಮುಕಿಸದೆ ನಡೆಸಬಾರದು.

ಮೇಲಿನ ಪರೀಕ್ಷೆಗಳಲ್ಲೆಲ್ಲ ನಾವು ಕೇಳಿದುದು ಒಂದೇ ಪ್ರಶ್ನೆ: ಈ ಲಕ್ಷಣವು ಯಾವ ಯಾವ ಭಾಗಗಳನ್ನು ಆರೋಪದಿಂದ ಬಿಡಿಸುತ್ತದೆ? ದೋಷಾನ್ವೇಷಣೆಯೆಂದರೆ ಅಪರಾಧಿಯನ್ನು ಊಹಿಸುವುದಲ್ಲ, ನಿರಪರಾಧಿಗಳನ್ನು ಒಬ್ಬೊಬ್ಬರನ್ನಾಗಿ ಬಿಟ್ಟುಕಳುಹಿಸುವುದು. ಮುಂಗಾರು ಆರಂಭವಾಗುವ ಮೊದಲೇ ಒಂದು ಚೊಂಬು ನೀರು ಮತ್ತು ಹತ್ತು ನಿಮಿಷಗಳ ಕಾಲವನ್ನು ಇದಕ್ಕೆ ವ್ಯಯಿಸಿದರೆ ಘಟ್ಟದ ತಿರುವಿನಲ್ಲಿ ಆ ಮೂರು ಸೆಕೆಂಡುಗಳ ಕತ್ತಲೆ ತಪ್ಪುತ್ತದೆ.

ಅಭ್ಯಾಸಕ್ಕಾಗಿ

1. ಅರ್ಥಿಂಗ್ ಸಂಪರ್ಕದ ರೋಧ 0.25 ಓಮ್, ಪ್ರವಾಹ 4 ಆಂಪೇರ್ ಇದ್ದಲ್ಲಿ ಅಲ್ಲಿ ಎಷ್ಟು ವೋಲ್ಟ್ ಇಳಿಯುತ್ತದೆ? ಎಷ್ಟು ವಾಟ್ ಉಷ್ಣ ಹುಟ್ಟುತ್ತದೆ?

2. ವೈಪರು ಜೋರು ಮಳೆಯಲ್ಲಿ ಸರಿಯಾಗಿ ನಡೆದು, ಮಳೆ ನಿಲ್ಲುತ್ತ ಬಂದಾಗ ನಿಧಾನವಾಗುತ್ತದೆ. ಮೊದಲು ಯಾವ ಕೊಂಡಿಯನ್ನು ಪರೀಕ್ಷಿಸುವಿರಿ? ಏಕೆ?

3. ಪ್ಲಗ್ಗನ್ನು ಕಳಚಿದಾಗ ವೋಲ್ಟ್‌ಮೀಟರು 12 ವೋಲ್ಟ್ ತೋರಿಸುತ್ತದೆ. ಅದೇ ಜಾಗದಲ್ಲಿ 12 ವೋಲ್ಟ್, 21 ವಾಟ್ ಬಲ್ಬನ್ನು ಜೋಡಿಸಿದರೆ ಮಂಕಾಗಿ ಉರಿಯುತ್ತದೆ. ಎರಡು ಸಾಕ್ಷಿಗಳಲ್ಲಿ ಯಾವುದನ್ನು ನಂಬಬೇಕು?