ಕಡಲನೀರಿನ ತೊಟ್ಟಿ: ಸತ್ತ ‘ಜೀವಕಲ್ಲಿ’ಗೆ ಮರಳಿ ಜೀವ

ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ, ಮಕ್ಕಳ ಪಾಠಕ್ಕೆಂದು ಕಡಲನೀರಿನ ಗಾಜಿನ ತೊಟ್ಟಿಯೊಂದನ್ನು ಇಟ್ಟಿದ್ದೇನೆ. ಹೋದ ಬೇಸಗೆಯಲ್ಲಿ ಅದರೊಳಗಿನ ಕಲ್ಲುಗಳಿಗೆ ಕಂದು ಪಾಚಿ ಕಟ್ಟಿತು. ಶುಚಿ ಮಾಡುವ ಹುರುಪಿನಿಂದ ಕಲ್ಲುಗಳನ್ನೆಲ್ಲ ಬಾವಿನೀರಿನಲ್ಲಿ ತಿಕ್ಕಿ ತೊಳೆದು, ಅಂಗಳದ ಬಿಸಿಲಿನಲ್ಲಿ ಒಣಗಿಸಿ, ತಿರುಗಿ ತೊಟ್ಟಿಗೆ ಹಾಕಿದೆನು. ಮೂರನೆಯ ದಿನ ನೀರು ಮಂಕಾಗಿ ಕೊಳೆತ ವಾಸನೆ ಹೊಡೆಯಿತು. ಎರಡು ಮೀನುಗಳೂ ಸತ್ತವು. ತಪ್ಪು ನನ್ನದೇ. ಇತರರಿಗೆ ಹಾಗಾಗದಿರಲೆಂದು ಈ ಪಾಠವನ್ನು ಬರೆಯುತ್ತಿದ್ದೇನೆ.

ಕಲ್ಲಿನಲ್ಲಿ ಜೀವವೆಲ್ಲಿ?

ಜೀವಕಲ್ಲೆಂದರೆ ರಂಧ್ರಗಳಿರುವ ಸುಣ್ಣದ ಕಲ್ಲು. ಕಲ್ಲಿಗೆ ಜೀವವಿಲ್ಲ, ಅದರ ರಂಧ್ರಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳಿಗೂ ಹುಳು, ಸ್ಪಂಜುಗಳಿಗೂ ಜೀವವುಂಟು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯ ವಿಷವು. ಒಂದು ಜಾತಿಯ ಸೂಕ್ಷ್ಮಾಣು ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಜಾತಿ ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಗಾಳಿ ಕಡಮೆಯಿರುವ ಆಳದ ರಂಧ್ರಗಳಲ್ಲಿ ಅದೂ ಸಾರಜನಕವಾಗಿ ಹಾರಿಹೋಗುತ್ತದೆ.

ಕೃಷಿಕರಿಗೆ ಇದು ಹೊಸತಲ್ಲ. ಅಡಿಕೆಯ ಬುಡಕ್ಕೆ ಹಾಕಿದ ಹಟ್ಟಿಗೊಬ್ಬರದ ಅಮೋನಿಯವನ್ನು ನೈಟ್ರೇಟಾಗಿಸುವುದೂ ಇದೇ ಬಗೆಯ ಸೂಕ್ಷ್ಮಾಣುಗಳೇ. ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೆ ಇವನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದನು. ನಾನು ಸಿಹಿನೀರು, ಬಿಸಿಲುಗಳಿಂದ ಈ ಕೆಲಸಗಾರರನ್ನು ಕೊಂದೆನು. ಸತ್ತ ಜೀವಿಗಳು ಒಳಗೇ ಕೊಳೆತು ಅಮೋನಿಯವನ್ನು ಇನ್ನಷ್ಟು ಹೆಚ್ಚಿಸಿದವು.

ಹೊಸ ಕಲ್ಲನ್ನು ತರಬಾರದೇ?

ಕಡಲಿನಿಂದ ಹವಳದ ಕಲ್ಲನ್ನು ಎತ್ತತಕ್ಕದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನೆಲ್ಲ 2001ರಲ್ಲಿ ಸೇರಿಸಲಾಗಿದೆ. ನಮಗೆ ಸಮೀಪದ ಲಕ್ಷದ್ವೀಪದ ಹವಳದ ದಿಬ್ಬಗಳು 1998, 2010, 2016ರಲ್ಲಿ ಕಡಲು ಬಿಸಿಯೇರಿ ಬೆಳ್ಳಗಾಗಿ ಬಹಳ ನಷ್ಟ ಹೊಂದಿವೆ. ನನ್ನ ಕಲ್ಲುಗಳು ಚಿಪ್ಪಿನ ಚೂರು, ಸಿಮೆಂಟು ಸೇರಿಸಿ ಎರಕ ಹೊಯ್ದು, ವಾರಗಟ್ಟಲೆ ನೀರಿನಲ್ಲಿಟ್ಟು ಹದಮಾಡಿದವು. ನಮ್ಮ ಮುರಕಲ್ಲಿಗೂ ರಂಧ್ರಗಳಿವೆಯಷ್ಟೆ ಎನ್ನಬಹುದು. ಆದರೆ ಅದು ಸುಣ್ಣದ ಕಲ್ಲಲ್ಲ. ಒಂದು ತೊಟ್ಟು ವಿನೆಗರ್ ಬಿಟ್ಟು ನೋಡಿರಿ: ಚಿಪ್ಪು ನೊರೆ ಬಿಡುತ್ತದೆ, ಮುರಕಲ್ಲು ಸುಮ್ಮನಿರುತ್ತದೆ. ಆದುದರಿಂದ ಇದ್ದ ಕಲ್ಲನ್ನೇ ಬದುಕಿಸಿಕೊಳ್ಳುವುದು ಲೇಸು.

ಬದುಕಿಸುವ ಕ್ರಮ

1. ಕಲ್ಲನ್ನು ಮೂಸಿ ನೋಡಿರಿ. ಕಡಲಿನ ವಾಸನೆಯಿದ್ದರೆ ಜೀವವಿದೆ; ಕಡಲನೀರಿನಲ್ಲೇ ಅಲ್ಲಾಡಿಸಿ ಮೃದುವಾಗಿ ತಿಕ್ಕಿದರೆ ಸಾಕು. ಕೊಳೆತ ವಾಸನೆಯಿದ್ದರೆ ಮುಂದಿನ ಕ್ರಮಗಳು ಬೇಕು.

2. ಪೂರಾ ಸತ್ತ ಕಲ್ಲನ್ನು ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಲೀಟರಿಗೆ 10 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಒಂದು ದಿನ ಮುಳುಗಿಸಿಡಿರಿ. ಈ ಕೆಲಸ ಬಯಲಿನಲ್ಲಿ, ಕೈಚೀಲ ತೊಟ್ಟು ಆಗಬೇಕು. ಇದಕ್ಕೆ ವಿನೆಗರನ್ನಾಗಲಿ ಬೇರಾವ ಆಮ್ಲವನ್ನಾಗಲಿ ಎಂದೂ ಸೇರಿಸಬಾರದು. ವಿಷದ ಗಾಳಿ ಏಳುತ್ತದೆ. ಬಳಿಕ ಚೆನ್ನಾಗಿ ತೊಳೆದು, ಹೈಪೋ ಬೆರೆಸಿದ ನೀರಿನಲ್ಲಿಟ್ಟು, ಕ್ಲೋರಿನ್ ವಾಸನೆ ಪೂರಾ ಹೋಗುವ ತನಕ ಬಿಸಿಲಿನಲ್ಲಿ ಒಣಗಿಸಿರಿ.

3. ಕಲ್ಲನ್ನು ಡ್ರಮ್ಮಿನಲ್ಲಿಟ್ಟು ಕಡಲನೀರು ತುಂಬಿಸಿರಿ. ಉಪ್ಪಿನ ಅಂಶ ಲೀಟರಿಗೆ ಸುಮಾರು 35 ಗ್ರಾಂ ಇರಬೇಕು. ಅಡುಗೆಯ ಉಪ್ಪು ಸಾಲದು, ಅದರಲ್ಲಿ ಕಡಲಿನ ಇತರ ಲವಣಗಳಿಲ್ಲ. ಕಡಲಿನಿಂದಲೇ ತರುವವರು ಹೊಳೆಯ ಅಳಿವೆಯನ್ನೂ ಮಳೆಗಾಲವನ್ನೂ ಬಿಟ್ಟು ತರತಕ್ಕದ್ದು.

4. ಗಾಳಿಯ ಪಂಪಿನಿಂದ ನೀರನ್ನು ಹಗಲಿರುಳೂ ಆಡಿಸುತ್ತಿರಿ. ಪಾಚಿ ಬೆಳೆಯದಂತೆ ಡ್ರಮ್ಮನ್ನು ಮುಚ್ಚಿ ಕತ್ತಲೆ ಮಾಡಿರಿ. ಗಾಳಿ ಹೋಗಲು ಸಂದಿರಲಿ.

5. ಹಾಲಿಗೆ ಹೆಪ್ಪು ಹಾಕುವಂತೆ ಇಲ್ಲಿಯೂ ಹೆಪ್ಪು ಬೇಕು. ಆರೋಗ್ಯವುಳ್ಳ ಇನ್ನೊಂದು ತೊಟ್ಟಿಯಿಂದ ಜೀವವಿರುವ ಕಲ್ಲಿನ ಒಂದು ತುಂಡನ್ನು ತಂದು ಹಾಕಿರಿ. ಸೂಕ್ಷ್ಮಾಣುಗಳ ಆಹಾರಕ್ಕೆ 100 ಲೀಟರಿಗೆ ಗ್ರಾಮಿನ ಮೂರನೆಯ ಒಂದು ಪಾಲು ಶುದ್ಧ ನವಸಾಗರ ಸಾಕು.

6. ಎರಡು ದಿನಕ್ಕೊಮ್ಮೆ ಪರೀಕ್ಷೆಯ ದ್ರಾವಣದಿಂದ ಅಮೋನಿಯವನ್ನೂ ನೈಟ್ರೈಟನ್ನೂ ನೋಡಿ ಬರೆದಿಡಿರಿ. ಮೊದಲು ಅಮೋನಿಯ ಇಳಿದು ನೈಟ್ರೈಟ್ ಏರುವುದು; ಆಮೇಲೆ ಅದೂ ಇಳಿಯುವುದು. ಹಾಕಿದ ನವಸಾಗರ ಒಂದು ದಿನದೊಳಗೆ ಕರಗಿ ಎರಡೂ ಸೊನ್ನೆಗೆ ಬಂದರೆ ಕಲ್ಲು ಬದುಕಿತೆಂದು ತಿಳಿಯಬೇಕು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಬೇಕು. ನನಗೆ ಏಳು ವಾರ ಹಿಡಿಯಿತು.

ಬಳಿಕ ಹೆಚ್ಚಿನ ನೀರನ್ನು ಬದಲಿಸಿ ಕಲ್ಲನ್ನು ತೊಟ್ಟಿಗೆ ಸೇರಿಸಿರಿ. ಮೀನುಗಳನ್ನು ಒಮ್ಮೆಗೇ ಬಿಡದೆ ಒಂದೊಂದಾಗಿ ಬಿಡಿರಿ. ಹೊರಚೆಲ್ಲುವ ಉಪ್ಪುನೀರನ್ನು ಗೊಬ್ಬರವೆಂದು ಭಾವಿಸಿ ಅಡಿಕೆಯ ಬುಡಕ್ಕೆ ಎರೆಯಬೇಡಿರಿ. ಗಿಡಕ್ಕೂ ಮಣ್ಣಿಗೂ ಕೇಡು. ಈಗ ನಮ್ಮ ತೊಟ್ಟಿಯಲ್ಲಿ ಪುನಃ ಒಂದು ಮೀನು ಇದೆ. ಕಲ್ಲಿನ ಮೇಲೆ ಸ್ವಲ್ಪ ಪಾಚಿಯೂ ಉಂಟು; ಅದನ್ನು ತಿಕ್ಕಲು ನಾನು ಹೋಗಿಲ್ಲ.