ಎನ್‌ಲಾರ್ಜರ್ ಕೊಳ್ಳುವ ಮುನ್ನ ಸೂರು ಅಳೆ

ಚಿ|| ಮಗಳಿಗೆ,

ಹೊಳಲ್ಕೆರೆಯಲ್ಲಿ ಅಜ್ಜನ ಮನೆಯ ಹಿಂದಿನ ಕೋಣೆಯನ್ನು ಡಾರ್ಕ್‌ರೂಮ್ ಮಾಡಿಕೊಳ್ಳುತ್ತೇನೆ, 4×5 ಇಂಚಿನ ನೆಗೆಟಿವ್ ಹಿಡಿಯುವ ಎನ್‌ಲಾರ್ಜರ್ ಯಾವುದು ಕೊಳ್ಳಲಿ ಎಂದು ಕೇಳಿದ್ದೀಯ. ಓದಿ ಎಷ್ಟು ಸಂತೋಷವಾಯಿತೆಂದು ಬರೆಯಲು ಹೋದರೆ ಅದೇ ಒಂದು ಪತ್ರವಾದೀತು. ವಿಷಯಕ್ಕೆ ಬರುತ್ತೇನೆ. ನಿನ್ನಂತೆ ಮನೆಯಲ್ಲೇ ಪ್ರಿಂಟ್ ಹಾಕಲು ಹೊರಟ ಬೇರೆಯವರಿಗೂ ಬೇಕಾಗಬಹುದೆಂದು ಸ್ವಲ್ಪ ಬಿಡಿಸಿಯೇ ಬರೆಯುತ್ತಿದ್ದೇನೆ.

ನೀನು ಹೆಸರಿಸಿದ ನಾಲ್ಕೂ ಒಳ್ಳೆಯವೇ. ಇಂಗ್ಲೆಂಡಿನ ಡಿವೇರ್, ಅಮೆರಿಕದ ಒಮೆಗಾ ಮತ್ತು ಬೆಸೆಲರ್, ಇಟಲಿಯ ಡರ್ಸ್ಟ್, ಯಾವುದೇ ಆದರೂ ಚೆನ್ನಾಗಿ ನೋಡಿಕೊಂಡರೆ ನಿನ್ನ ಆಯಸ್ಸಿಗೆ ಸಾಕು. ಆದರೆ ಅವನ್ನು ಮಾಡಿದವರು ನಮ್ಮ ಮಾಳಿಗೆ ಮನೆ, ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಕರೆಂಟು ಒಂದನ್ನೂ ಕಂಡವರಲ್ಲ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕಾದವಳು ನೀನು.

ಮೊದಲು ಸೂರು. ಅಂಥ ಹಳೆಯ ಮನೆಯಲ್ಲಿ ತೊಲೆಯ ಕೆಳಗೆ ಏಳಡಿ ಸಿಕ್ಕರೆ ಹೆಚ್ಚು. 4×5 ನೆಗೆಟಿವ್‌ನಿಂದ 16×20 ಇಂಚಿನ ಪ್ರಿಂಟ್ ಎಂದರೆ ನಾಲ್ಕು ಪಟ್ಟು ಹಿಗ್ಗಿಸಬೇಕು. 150 ಎಂಎಂ ಲೆನ್ಸ್ ಹಾಕಿದರೆ ಲೆನ್ಸಿನಿಂದ ಕಾಗದಕ್ಕೆ 750 ಮಿಲಿಮೀಟರ್, ನೆಗೆಟಿವ್‌ನಿಂದ ಲೆನ್ಸಿಗೆ ಸುಮಾರು 188. ಕೂಡಿದರೆ ಹತ್ತಿರ ಹತ್ತಿರ 37 ಇಂಚು. ಅದರ ಮೇಲೆ ದೀಪದ ತಲೆಗೆ ಒಂದೂವರೆ ಅಡಿ, ಕೆಳಗೆ ಎರಡೂವರೆ ಅಡಿಯ ಕಟ್ಟೆ ಇಟ್ಟುಕೋ. ಏಳಡಿ ದಾಟಿಯೇ ಹೋಯಿತು, ತಲೆ ತೊಲೆಗೆ ಬಡಿಯುತ್ತದೆ. ಅದೇ 135 ಎಂಎಂ ಲೆನ್ಸ್ ಹಾಕಿದರೆ ಮೂರೂವರೆ ಇಂಚಿಗೂ ಹೆಚ್ಚು ಉಳಿಯುತ್ತದೆ. ಎಲ್-ನಿಕ್ಕೋರ್, ರೋಡಗಾನ್, ಕಾಂಪೊನಾನ್-ಎಸ್ ಮೂರರಲ್ಲೂ 135 ಇದೆ, 4×5 ಅನ್ನು ಮೂಲೆಯವರೆಗೂ ತುಂಬುತ್ತದೆ. ಕಟ್ಟೆಯನ್ನು ಎರಡಡಿಗೆ ಇಳಿಸಿದರೆ ಇನ್ನೂ ಆರಿಂಚು ಸಿಗುತ್ತದೆ. ಬಗ್ಗಿ ಕೆಲಸ ಮಾಡುವುದು ಸೊಂಟಕ್ಕೆ ಕಷ್ಟ, ಆದ್ದರಿಂದ ಪಕ್ಕದಲ್ಲೊಂದು ಸ್ಟೂಲು ಇರಲಿ.

ಎನ್‌ಲಾರ್ಜರಿನ ಕಂಬವನ್ನು ಗೋಡೆಗೇ ಬೋಲ್ಟ್ ಮಾಡಿಬಿಡು ಎಂದು ಯಾರಾದರೂ ಹೇಳಿಯಾರು. ಸಿಮೆಂಟ್ ಗೋಡೆಯಾದರೆ ಸರಿ. ಮಣ್ಣಿನ ಗಾರೆಯ ಗೋಡೆ ಆ ಭಾರವನ್ನು ತಡೆಯುವುದಿಲ್ಲ, ಆರು ತಿಂಗಳಲ್ಲಿ ಬೋಲ್ಟ್ ಸಡಿಲ ಬಿಡುತ್ತದೆ. ಇಟ್ಟಿಗೆ ಕಂಬ ಕಟ್ಟಿಸಿ ಮೇಲೊಂದು ದಪ್ಪ ಕಡಪ ಕಲ್ಲು ಹಾಸು. ಅಡುಗೆಮನೆ ಕಟ್ಟೆ ಕಟ್ಟುವ ಮೇಸ್ತ್ರಿಯೇ ಇದನ್ನೂ ಮಾಡಿಕೊಡುತ್ತಾನೆ. ಹಿರಿಯೂರಿನಲ್ಲಿ ಹೆದ್ದಾರಿಯ ಬದಿಗೆ ಮನೆ ಇರುವವರು ಈ ಮಾತನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು. ಇಪ್ಪತ್ತು ಸೆಕೆಂಡಿನ ಎಕ್ಸ್‌ಪೋಷರ್ ನಡುವೆ ಲೋಡಾದ ಲಾರಿ ಹೋದರೆ, ಮರದ ಮೇಜಿನ ಮೇಲಿನ ಎನ್‌ಲಾರ್ಜರ್ ನಡುಗಿ ಪ್ರಿಂಟ್ ಮಸುಕಾಗುತ್ತದೆ. ಬೆಳಗಿನವರೆಗೂ ಲೆನ್ಸನ್ನೇ ಬೈಯುತ್ತಾ ಕೂರಬೇಕಾದೀತು.

ಎರಡನೆಯದು ದೀಪದ ತಲೆ. ಇದು ನಮ್ಮ ಬಿಸಿಲಿನ ಪ್ರಶ್ನೆ. ದುರ್ಗದ ಕೋಟೆಯ ಬಂಡೆಗಳನ್ನು ಹನ್ನೊಂದು ಗಂಟೆಗೆ ತೆಗೆದ ನೆಗೆಟಿವ್ ನೋಡು. ಬಂಡೆಯ ನೆತ್ತಿ ನೆಗೆಟಿವ್‌ನಲ್ಲಿ ಕಪ್ಪಿಟ್ಟಿರುತ್ತದೆ, ಒನಕೆ ಓಬವ್ವನ ಕಿಂಡಿಯ ಒಳಗು ಬರೀ ಪಾರದರ್ಶಕ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಜಲಾಶಯ 1933ರ ಬಳಿಕ ಮೊದಲ ಸಲ ಕೋಡಿ ಬಿದ್ದಾಗ ನೀನು ತೆಗೆದ ನೊರೆಯ ಚಿತ್ರವೂ ಅಂಥದ್ದೇ. ಕಂಡೆನ್ಸರ್ ತಲೆಯ ನೇರ ಬೆಳಕು ಇಂಥ ನೆಗೆಟಿವ್‌ಗೆ ಸುಮಾರು ಒಂದು ಗ್ರೇಡಿನಷ್ಟು ಕಾಂಟ್ರಾಸ್ಟ್ ಇನ್ನೂ ಏರಿಸುತ್ತದೆ, ಏಕೆಂದರೆ ಬೆಳ್ಳಿಯ ಕಣ ದಟ್ಟವಾದ ಕಡೆ ಆ ಬೆಳಕು ಹೆಚ್ಚು ಚದುರಿ ಲೆನ್ಸಿಗೆ ಕಡಿಮೆ ತಲುಪುತ್ತದೆ. ಗೀರು, ಧೂಳಿನ ಚುಕ್ಕೆ ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಡಿಫ್ಯೂಷನ್ ತಲೆಯಲ್ಲಿ ಬೆಳಕು ಮೊದಲೇ ಚದುರಿ ಬರುವುದರಿಂದ ಈ ಎರಡು ಕಾಟವೂ ಕಡಿಮೆ. ಆಷಾಢದ ಗಾಳಿಯಲ್ಲಿ ಹೊಸದುರ್ಗದಿಂದ ಹೊಳಲ್ಕೆರೆವರೆಗೆ ಯಾವ ಮನೆಯ ಕಿಟಕಿಯಲ್ಲಿ ಧೂಳು ಕೂರುವುದಿಲ್ಲ ಹೇಳು? 4×5 ಫಿಲ್ಮ್ ದೀಪದ ಬಿಸಿಗೆ ನಡುವೆ ಉಬ್ಬುತ್ತದೆ, ಆದ್ದರಿಂದ ಗಾಜಿನ ಕ್ಯಾರಿಯರ್ ಬೇಕೇ ಬೇಕು. ಗಾಜು ಎರಡಾದರೆ ಒರೆಸಬೇಕಾದ ಮುಖಗಳು ನಾಲ್ಕು, ಫಿಲ್ಮಿನವು ಇನ್ನೆರಡು. ಹಾಗಾಗಿ ನಮ್ಮ ಸೀಮೆಗೆ ಡಿಫ್ಯೂಷನ್ನೇ ಸರಿ ಎಂಬುದು ನನ್ನ ಖಚಿತ ಮಾತು.

ಕಲರ್ ಹೆಡ್ ಸಿಕ್ಕರೆ ತೆಗೆದುಕೋ, ಅದೂ ಡಿಫ್ಯೂಷನ್ನೇ, ಮಲ್ಟಿಗ್ರೇಡ್ ಕಾಗದಕ್ಕೆ ಅದರ ಹಳದಿ ಮತ್ತು ಮೆಜೆಂಟಾ ಫಿಲ್ಟರ್ ಸಾಕು. ಆದರೆ ಅದರ ಹ್ಯಾಲೊಜೆನ್ ಬಲ್ಬ್ ಏಪ್ರಿಲ್‌ನಲ್ಲಿ ಮುಚ್ಚಿದ ಕೋಣೆಯನ್ನು ಒಲೆ ಮಾಡಿಬಿಡುತ್ತದೆ. ಹಸಿರು ಮತ್ತು ನೀಲಿ ಎಲ್‌ಇಡಿ ಇರುವ ತಲೆ ತಣ್ಣಗಿರುತ್ತದೆ, ಫಿಲ್ಟರ್ ಕೊಳ್ಳುವ ಖರ್ಚೂ ಇಲ್ಲ. ಹಳೆಯ ಒಮೆಗಾಕ್ಕೂ ಅಂಥದನ್ನು ಹೊಂದಿಸಬಹುದು.

ಅಮೆರಿಕದ ಯಂತ್ರವಾದರೆ ಕರೆಂಟಿನ ಒಂದು ಮಾತು. ಅದು 110–120 ವೋಲ್ಟಿನದು, ನಮ್ಮದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಬೇಡ. ಜೊತೆಗೆ ಬರುವ ಮುಳ್ಳಿನ ಟೈಮರನ್ನು ನಂಬಬೇಡ. ಅದರ ಮೋಟಾರು 60 ಹರ್ಟ್ಸ್‌ಗೆ ತಿರುಗುವಂಥದ್ದು, ನಮ್ಮ 50 ಹರ್ಟ್ಸ್‌ನಲ್ಲಿ ನಿಧಾನವಾಗಿ 60 ಸೆಕೆಂಡಿಗೆ 72 ತೆಗೆದುಕೊಳ್ಳುತ್ತದೆ. ಸಂಜೆ ಪಂಪ್‌ಸೆಟ್‌ಗಳು ಶುರುವಾದ ಹೊತ್ತಿಗೆ ವೋಲ್ಟೇಜ್ ಇಳಿದರೆ ಮಾಮೂಲಿ ಬಲ್ಬಿನ ಬೆಳಕೂ ಇಳಿಯುತ್ತದೆ, ಟೆಸ್ಟ್ ಸ್ಟ್ರಿಪ್ ಒಂದು ಹೇಳಿದರೆ ಪ್ರಿಂಟ್ ಇನ್ನೊಂದು ಹೇಳುತ್ತದೆ. ಸ್ಟೆಬಿಲೈಸರ್ ಹಾಕಿಸು.

ಇನ್ನು ಯಂತ್ರದ ಆಯ್ಕೆ. ಬೆಸೆಲರ್ ಎತ್ತರ, ಡಿವೇರ್ 504 ಅಲುಗದಷ್ಟು ಬಲಿಷ್ಠ, ಹಿಡಿಗಳೂ ಕೈಗೆಟುಕುವಂತೆ ಕೆಳಗೇ ಇವೆ, ಆದರೆ ಆ ಭಾರ ನಿನ್ನ ಕೋಣೆಗೆ ಅಲ್ಲ. ನಿನಗೆ ಒಮೆಗಾ ಡಿ ಸರಣಿ ಅಥವಾ ಜಪಾನಿನ ಎಲ್‌ಪಿಎಲ್ 4500 ಸಾಕು. ಎರಡೂ ಸಿಗದಿದ್ದರೆ, ಅಥವಾ ದುಡ್ಡು ಸಾಲದಿದ್ದರೆ, ನಿನ್ನ ಕ್ಯಾಮೆರಾವನ್ನೇ ಎನ್‌ಲಾರ್ಜರ್ ಮಾಡಿಕೋ. ಹಿಂಭಾಗಕ್ಕೆ ನೆಗೆಟಿವ್ ಮತ್ತು ಎಲ್‌ಇಡಿ ಹಲಗೆ, ಮುಂದೆ ಎನ್‌ಲಾರ್ಜಿಂಗ್ ಲೆನ್ಸ್, ಎದುರು ಗೋಡೆಯ ಮೇಲೆ ಕಾಗದ. ಇಂಗ್ಲೆಂಡಿನ ಇಂಟ್ರೆಪಿಡ್ ಕಂಪನಿ ತನ್ನ 4×5 ಕ್ಯಾಮೆರಾಕ್ಕೆ ಇಂಥದೇ ಒಂದು ಕಿಟ್ ಮಾಡಿದೆ. ಅಡ್ಡಲಾಗಿ ಬೆಳಕು ಬಿಡುವಾಗ ಸೂರಿನ ಚಿಂತೆಯೇ ಇಲ್ಲ.

ಹಳೆಯ ಸ್ಟುಡಿಯೋದ ಹಾಫ್‌ಪ್ಲೇಟ್ ಗಾಜಿನ ನೆಗೆಟಿವ್‌ಗಳಿಗಾಗಿ ಇನ್ನೂ ದೊಡ್ಡ ಯಂತ್ರ ಬೇಕೇ ಎಂದಿದ್ದೀಯ. ಬೇಡ. 4¾×6½ ಇಂಚಿನ ಆ ನೆಗೆಟಿವ್‌ಗಳನ್ನು ಆಲೆಪ್ಪಿಯ ವಾಗೀಶ್ವರಿಯಂಥ ಮರದ ಕ್ಯಾಮೆರಾದಲ್ಲಿ ತೆಗೆದು, ಕಾಗದದ ಮೇಲಿಟ್ಟೇ ಪ್ರಿಂಟ್ ಹಾಕುತ್ತಿದ್ದ ಕಾಲ ಅದು. ಕಾಂಟ್ಯಾಕ್ಟ್ ಫ್ರೇಮು, ಒಂದು ಬಲ್ಬು ಸಾಕು. ಆ ಪ್ರಿಂಟಿನ ನಯ ಯಾವ ಎನ್‌ಲಾರ್ಜರಿಗೂ ಬರುವುದಿಲ್ಲ.

ಈಗ ನೋಡಲು ಹೋದಾಗ ಮಾಡಬೇಕಾದ್ದು. ಬೆಲ್ಲೋಸ್ ಒಳಗೆ ಟಾರ್ಚ್ ಹಾಕಿ ಕತ್ತಲಲ್ಲಿ ತೂತು ನೋಡು. ಕರಾವಳಿಯಿಂದ ಬಂದ ಲೆನ್ಸಾದರೆ ಫಂಗಸ್ ನೋಡು. ಕ್ಯಾರಿಯರ್, ಲೆನ್ಸ್ ಬೋರ್ಡ್ ಜೊತೆಗೇ ಇರಬೇಕು, ಆಮೇಲೆ ಹುಡುಕುವುದು ಯಂತ್ರ ಹುಡುಕುವುದಕ್ಕಿಂತ ಕಷ್ಟ. ಮುಖ್ಯವಾದ ಪರೀಕ್ಷೆ ಇದು: ಬೆಳಕಿಗೆ ಬಿದ್ದು ಪೂರ್ತಿ ಕಪ್ಪಾಗಿ ತೊಳೆದ ಒಂದು 4×5 ಫಿಲ್ಮ್ ತೆಗೆದುಕೊಂಡು ಸೂಜಿಯಿಂದ ಮೂಲೆಯಿಂದ ಮೂಲೆಗೆ, ಅಂಚಿನಿಂದ ಅಂಚಿಗೆ ಗೀರು ಎಳೆ. ಅದನ್ನು ಕ್ಯಾರಿಯರಿಗೆ ಹಾಕಿ ಲೆನ್ಸನ್ನು ಪೂರ್ತಿ ತೆರೆದು, ನಡುವಿನ ಗೀರನ್ನು ಫೋಕಸ್ ಮಾಡು. ಆಮೇಲೆ ನಾಲ್ಕು ಮೂಲೆ ನೋಡು. ಗೀರಿನ ಎರಡು ದಡವೂ ಚೂಪಾಗಿದ್ದರೆ ನೆಗೆಟಿವ್, ಲೆನ್ಸ್, ಕಾಗದ ಇಡುವ ಹಲಗೆ ಮೂರೂ ಸಮಾನಾಂತರವಾಗಿವೆ. ಒಂದು ಕಡೆಯ ಮೂಲೆಗಳು ಮಾತ್ರ ಮಸುಕಾದರೆ ಎಲ್ಲೋ ಓರೆಯಿದೆ, ಅದನ್ನು ತಿದ್ದುವ ಸ್ಕ್ರೂ ಎಲ್ಲಿದೆಯೆಂದು ಮಾರುವವರನ್ನು ಕೇಳು. ತಿದ್ದಲು ದಾರಿಯೇ ಇಲ್ಲದ ಯಂತ್ರ ಎಷ್ಟು ಅಗ್ಗವಾದರೂ ಬೇಡ.

ನೀರಿನ ವಿಷಯ ಇನ್ನೊಂದು ಪತ್ರಕ್ಕಿರಲಿ, ಸದ್ಯಕ್ಕೆ ಇಷ್ಟು ನೆನಪಿಡು. ಬೋರ್‌ವೆಲ್ ನೀರು ಗಡಸು, ಕೊನೆಗೆ ಜಾಲಿಸಲು ಫಿಲ್ಟರ್ ನೀರು ಇಡು, ತೀರಿದ ಹೈಪೋವನ್ನು ತೆಂಗಿನ ಪಾತಿಗೆ ಚೆಲ್ಲಬೇಡ, ಅದರಲ್ಲಿ ಬೆಳ್ಳಿ ಇರುತ್ತದೆ.

ಬರುವ ಭಾನುವಾರ ಒಂದು ಟೇಪು ಹಿಡಿದು ನೆಲದಿಂದ ತೊಲೆಯವರೆಗಿನ ಎತ್ತರ, ಕಟ್ಟೆಗೆ ಸಿಗುವ ಅಗಲ, ಬಾಗಿಲಿನ ಅಗಲ ಮೂರನ್ನೂ ಬರೆದು ಕಳಿಸು. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ.

ಇಂತಿ,
ನಿನ್ನ ದೊಡ್ಡಪ್ಪ
ಚಿತ್ರದುರ್ಗ